ಹಲ್ಲಿನ ಡಾಕ್ಟರು ಮುಖ ತೋರಿಸಿದ್ದು

ಓಯುಗಿಸ್,
೧೯ ಜೂನ್ ೨೦೨೦, ಶುಕ್ರವಾರ

ಪ್ರೀತಿಯ ಅವೀನೋಳ ಅಮ್ಮನಿಗೆ,

ಹೇಗಿದ್ದೀಯ? ನೈರೋಬಿಯ ಚಳಿಗೆ ಬೆನ್ನುನೋವು ಹೆಚ್ಚಾಗಿರಬೇಕು. ನಮ್ಮ ಮಗಳು, ಅಳಿಯ, ಹೊಸ ಕೂಸು ಚೆನ್ನಾಗಿದ್ದಾರೆಂದು ನಂಬಿದ್ದೇನೆ. ನಿನ್ನ ಕಣ್ಣು ಹೇಗಿದೆ? ಇದನ್ನು ಕೇಳಲೆಂದೇ ಈ ಕಾಗದ. ಫೋನಿನಲ್ಲಿ ಕಣ್ಣಿನ ಮಾತೆತ್ತಿದ ಕೂಡಲೇ ನಿನ್ನ ಕಡೆ ನೆಟ್‌ವರ್ಕ್ ಹೋಗಿಬಿಡುತ್ತದೆ. ಕೂಸಿನ ಮಾತೆತ್ತಿದರೆ ಅದೇ ನೆಟ್‌ವರ್ಕ್ ಗಂಟೆಗಟ್ಟಲೆ ಇರುತ್ತದೆ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಮೀನಿನ ಲಾರಿಯ ಓಬಾರ ಇವತ್ತು ನೈರೋಬಿಗೆ ಹೊರಡುತ್ತಾನೆ. ಉಸಿರಿನಿಂದ ಹರಡುವ ಈ ಹೊಸ ಕಾಯಿಲೆಗೆ ಹೆದರಿ ಜನರನ್ನು ಪಟ್ಟಣದೊಳಗೆ ಬಿಡದಿದ್ದರೂ ಮೀನನ್ನು ಬಿಡುತ್ತಾರಲ್ಲ. ಮೊಮ್ಮಗಳೇ ಅಪೊಂಡಿ, ಇದನ್ನು ಅಜ್ಜಿಗೆ ಓದಿ ಹೇಳುವವಳು ನೀನೇ ಎಂದು ಗೊತ್ತು. ಅಜ್ಜಿ ‘ಸಾಕು, ಮಿಕ್ಕಿದ್ದು ನಾಳೆ’ ಎಂದರೂ ನಿಲ್ಲಿಸಬೇಡ.

ಕಣ್ಣಿನೊಳಗಿನ ಒತ್ತಡ ನೋಡಲು ಮಾರ್ಚಿನಲ್ಲಿ ಆಗಬೇಕಿದ್ದ ಪರೀಕ್ಷೆ ಇನ್ನೂ ಆಗಿಲ್ಲವಂತೆ. ಎಡಗಡೆಯಿಂದ ಬರುವವರು ಕಾಣದೆ ನೀನು ಬಾಗಿಲಿಗೆ ಹೆಗಲು ತಗುಲಿಸಿಕೊಳ್ಳುತ್ತಿದ್ದೀಯಂತೆ. ಅವೀನೋ ಹೇಳಿದಳು. ‘ಮೂಗಿಗೆ ಮೂಗು ತಾಗೋ ಹಾಗೆ ಬಂದು ಕಣ್ಣಿಗೆ ದೀಪ ಬಿಡ್ತಾರೆ. ಯಾರ್ಯಾರ ಉಸಿರು ಕುಡಿದು ಬಂದಿರ್ತಾರೋ! ಕುರುಡಿ ಆದ್ರೂ ಸರಿ, ಆ ಮುಸುಕಿನವರ ಮುಂದೆ ನಾನು ಕೂರಲ್ಲ’ ಎಂದೆಯಂತೆ. ನಿನ್ನ ಕಣ್ಣಿನ ಕಾಯಿಲೆಯಲ್ಲಿ ಹೋದ ನೋಟ ಮತ್ತೆ ಬರುವುದಿಲ್ಲವೆಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದಾರೆ. ಆದರೆ ನಿನ್ನನ್ನು ಬೈಯಲು ನಾನು ಬರೆಯುತ್ತಿಲ್ಲ. ಮೊನ್ನೆ ಬುಧವಾರದವರೆಗೆ ನಾನೂ ಇದೇ ಮಾತಾಡುತ್ತಿದ್ದೆ. ಬುಧವಾರ ನಡೆದದ್ದನ್ನು ನಿನಗೆ ಹೇಳುವ ತನಕ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ, ಕೇಳು.

ನನ್ನ ಮೇಲಿನ ದವಡೆಹಲ್ಲು ಹುಳುಕಾಗಿದ್ದು ನಿನಗೆ ಗೊತ್ತು. ಹೋದ ವಾರ ಕೆನ್ನೆ ಊದಿ ಬಲಗಣ್ಣು ಅರ್ಧ ಮುಚ್ಚಿತು. ಗಂಜಿ ಬಿಟ್ಟು ಬೇರೇನೂ ಗಂಟಲಲ್ಲಿ ಇಳಿಯಲಿಲ್ಲ. ಹಲ್ಲು ಕೀಳಿಸುವುದು ನನಗೆ ಹೊಸದಲ್ಲ. ನಮ್ಮ ಕಾಲದ ಹುಡುಗರೆಲ್ಲರಂತೆ, ಕುಲದ ಪದ್ಧತಿಗೆ ಕೆಳಗಿನ ಆರು ಹಲ್ಲು ಕೀಳಿಸಿಕೊಂಡು ಗಂಡಸಾದವನು ನಾನು, ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. (ಊರೆಲ್ಲ ಕೇಳುವ ಹಾಗೆ ಅತ್ತಿದ್ದೆ ಎಂದು ತಂಗಿ ರೋಸ್ಲಿಡಾ ಹೇಳುತ್ತಾಳೆ. ಆಗ ಅವಳು ಹುಟ್ಟಿಯೇ ಇರಲಿಲ್ಲ.) ‘ಅಣ್ಣಾ, ಕೆನ್ನೆಯೊಳಗೆ ಮಾವಿನಕಾಯಿ ಇಟ್ಕೊಂಡು ಎಷ್ಟು ದಿನ ಕಾಯ್ತೀಯ? ಅದೇನು ಹಣ್ಣಾಗಲ್ಲ’ ಎಂದು ಬೈದು, ಕೊನೆಗೆ ಅವಳೇ ನನ್ನನ್ನು ಪೇಟೆಯ ಹಲ್ಲಿನ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು.

ಅಂಗಳದಲ್ಲಿ ನಲ್ಲಿ ಕೂರಿಸಿದ ಬಕೆಟ್ಟು, ಸೋಪು. ಬೆಂಚುಗಳನ್ನು ದೂರ ದೂರ ಹಾಕಿದ್ದರು. ಕೈ ತೊಳೆದು ಕೂತೆ. ಬಾಗಿಲು ತೆರೆಯಿತು ನೋಡು, ತಲೆಯಿಂದ ಪಾದದವರೆಗೆ ಬಿಳಿ ಉಡುಪು, ಕಣ್ಣಿಗೆ ದಪ್ಪ ಕನ್ನಡಕ, ಅದರ ಮೇಲೆ ಪ್ಲಾಸ್ಟಿಕ್ ಪರದೆ! ಬಿಳಿ ಉಡುಪಿನವರು ಈಗ ಯಾವುದಕ್ಕೆ ಬರುತ್ತಾರೆಂದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಹಾಡಿಲ್ಲ, ಅಳುವವರಿಲ್ಲ, ಅಂಗಳದಲ್ಲಿ ಒಂದು ಹೊತ್ತಿನ ಊಟವಿಲ್ಲ. ಬಂಧುಗಳು ಬೇಲಿಯಾಚೆ ನಿಂತಿರುವಾಗಲೇ ಹೆಣದ ಮೇಲೆ ಮಣ್ಣು ಎಳೆದು ಹೋಗುತ್ತಾರೆ. ನಾನು ಎದ್ದು ಗೇಟಿನ ಕಡೆ ಓಡಿದೆ. ‘ನೋಡ್ರಪ್ಪಾ, ಮಂಡಿನೋವು ಅಂತ ಹೊಲಕ್ಕೆ ಬರದವನು ಹೆಂಗೆ ಓಡ್ತಾನೆ!’ ಎಂದು ರೋಸ್ಲಿಡಾ ಹಿಂದಿನಿಂದ ಕೂಗಿದಳು. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

‘ಅಜ್ಜಾ, ಹಲ್ಲಿಗೆ ತಾನೆ ಬಂದಿದ್ದು?’ ಎಂದು ಪರದೆಯೊಳಗಿಂದ ಹೆಣ್ಣು ದನಿ ಕೇಳಿತು. ‘ಮುಖ ಕಾಣದವರಿಗೆ ನಾನು ಬಾಯಿ ತೆಗೆಯಲ್ಲ’ ಎಂದೆ. ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಅವಳು ‘ಅಲ್ಲೇ ಇರಿ, ಗೇಟಿನ ಹತ್ರ’ ಎಂದಳು. ಅಂಗಳದ ಆ ತುದಿಯ ಮಾವಿನ ಮರದ ಕೆಳಗೆ ಹೋಗಿ ನಿಂತು, ಪರದೆ, ಕನ್ನಡಕ, ಮಾಸ್ಕು ಒಂದೊಂದಾಗಿ ತೆಗೆದಳು. ನಮ್ಮ ಅವೀನೋಗಿಂತ ಚಿಕ್ಕವಳು! ಬೆವರಿನಿಂದ ತೊಯ್ದ ಮುಖ, ಕೆನ್ನೆಯ ಮೇಲೆ ಕನ್ನಡಕ ಒತ್ತಿದ ಕೆಂಪು ಗೆರೆ. ‘ನಾನು ಕೆಮುಂಟೊ. ನ್ಯಾಮಿರಾ ಕಡೆಯವಳು, ಮೊಗಾಕ ಅವರ ಮಗಳು. ಈ ಉಡುಪು ಹೆಣಕ್ಕಲ್ಲ ಅಜ್ಜಾ. ಬೆಳಗ್ಗೆಯಿಂದ ನೋಡಿದವರ ಉಸಿರು ನಿಮಗೆ ತಗಲಬಾರದು ಅಂತ. ಒಬ್ಬರನ್ನ ನೋಡಿದ ಮೇಲೆ ಇದನ್ನ ಕಳಚಿ ಬೇರೆ ಹಾಕ್ಕೋತೀನಿ, ಕಿಟಕಿ ತೆಗೆದು ಕೋಣೆ ಖಾಲಿ ಬಿಡ್ತೀನಿ’ ಎಂದಳು.

ನ್ಯಾಮಿರಾ ಎಂದರೆ ಕಿಸಿಯವರ ಊರು, ಹಿಂದೆ ಹಸುಗಳಿಗಾಗಿ ನಮ್ಮವರೊಡನೆ ಕಾದಾಡುತ್ತಿದ್ದ ನೆರೆಯ ಕುಲ! ನನ್ನ ಬಾಯಿ ಸುಮ್ಮನಿರುತ್ತದೆಯೇ? ‘ಕಿಸಿಯವಳಾ? ನಿಮ್ಮಜ್ಜ ನಮ್ಮಜ್ಜನ ಹಸುಗಳನ್ನ ಹೊಡ್ಕೊಂಡು ಹೋಗಿದ್ದ ಕಣಮ್ಮಾ!’ ಎಂದು ಗೇಟಿನಿಂದಲೇ ಕೂಗಿದೆ. ‘ಹಸು ಎಲ್ಲಾ ಮುಗೀತು ಅಜ್ಜಾ, ಈಗ ಹಲ್ಲಿಗೆ ಬಂದಿದ್ದೀನಿ’ ಎಂದು ಬಾಯಿ ತುಂಬ ನಕ್ಕಳು. ನಾನೂ ಊದಿದ ಕೆನ್ನೆ ನೋಯುವಂತೆ ನಕ್ಕೆ. ನನ್ನ ಹೆಸರು, ನಮ್ಮಪ್ಪನ ಹೆಸರು, ನೀನು ಅಲೆಗೊ ಕಡೆಯವಳೆಂಬುದನ್ನೂ ಕೂಗಿ ಹೇಳಿದೆ. ಅವಳು ಕೈ ತೊಳೆದು ಹೊಸ ಉಡುಪು ತೊಟ್ಟು ಕರೆದಳು. ನಾನೇ ನಡೆದು ಹೋಗಿ ಕುರ್ಚಿಯಲ್ಲಿ ಕೂತೆ.

ಕಹಿ ನೀರಿನಲ್ಲಿ ಬಾಯಿ ಮುಕ್ಕಳಿಸಿದೆ, ಸೂಜಿ ಚುಚ್ಚಿದಳು. ಅವಳ ಮುಖ ನನ್ನ ಮುಖಕ್ಕೆ ಒಂದು ಗೇಣು. ಆದರೂ ಎದೆ ಹೊಡೆದುಕೊಳ್ಳಲಿಲ್ಲ. ಆ ಮುಸುಕಿನ ಹಿಂದೆ ಯಾವ ಬಾಯಿ ಇದೆ, ಅದು ಹೇಗೆ ನಗುತ್ತದೆ ಎಂದು ನನಗೆ ಗೊತ್ತಿತ್ತಲ್ಲ. ‘ಆಯ್ತು ಅಜ್ಜಾ’ ಎಂದಳು. ಕಿತ್ತದ್ದೇ ನನಗೆ ತಿಳಿದಿರಲಿಲ್ಲ! ಇವತ್ತು ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ, ಸಾರಿನಲ್ಲಿ ಬೆಂದ ಇಡೀ ಮೀನು ತಿಂದೆ, ತಲೆಯನ್ನೂ ಬಿಡಲಿಲ್ಲ.

ನಾನು ಹೊರಗೆ ಬಂದಾಗ ಮುಂದಿನ ಸರದಿಯ ಹೆಂಗಸು ಏಳಲೇ ಇಲ್ಲ. ‘ಅಜ್ಜನಿಗೆ ತೋರಿಸಿದ್ದು ನಂಗ್ಯಾಕಿಲ್ಲ? ನಂಗೂ ಮುಖ ತೋರಿಸಮ್ಮಾ’ ಎಂದಳು. ಅವಳ ಹಿಂದಿನವನೂ ಕೇಳಿದ. ಈಗ ಆ ಕ್ಲಿನಿಕ್ಕಿನಲ್ಲಿ ಮೊದಲು ಮರದ ಕೆಳಗೆ ಪರಿಚಯ, ಆಮೇಲೆ ಕುರ್ಚಿ. ಮುಖ ನೋಡಿದರೆ ಕಾಯಿಲೆ ಓಡುತ್ತದೆಯೇ ಎಂದು ನೀನು ಕೇಳುತ್ತೀಯ. ಓಡುವುದಿಲ್ಲ. ಅದಕ್ಕೆ ಸೋಪು, ಕಿಟಕಿ, ಮಾಸ್ಕು ಇವೆ. ಅವೆಲ್ಲ ನನಗಾಗಿಯೇ ಇವೆ ಎಂದು ನಂಬಲು ನನಗೆ ಒಂದು ಮುಖ ಬೇಕಿತ್ತು, ಅಷ್ಟೆ.

ಅವೀನೋಗೆ, ಅಳಿಯನಿಗೆ ನನ್ನ ಆಶೀರ್ವಾದ. ಕೂಸಿನ ಅಂಗಾಲಿಗೆ ನನ್ನ ಹೆಸರಿನಲ್ಲಿ ಒಂದು ಮುತ್ತು ಕೊಡು. ದಾರಿ ತೆರೆದ ದಿನ ನಿನ್ನನ್ನು ಕರೆತರಲು ಬಸ್ ನಿಲ್ದಾಣದಲ್ಲಿ ನಾನೇ ಇರುತ್ತೇನೆ.

ನಿನ್ನ,
ರಾಬುರು

ತಾ.ಕ.: ಓಬಾರ ಹಾರನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಕೆಮುಂಟೊ ಡಾಕ್ಟರಿಂದ ನಿನ್ನ ಕಣ್ಣಾಸ್ಪತ್ರೆಗೆ ಫೋನ್ ಮಾಡಿಸಿದ್ದೇನೆ. ಬರುವ ಮಂಗಳವಾರ ಬೆಳಗಿನ ಮೊದಲ ಸರದಿ ನಿನ್ನದು, ನಿನಗಿಂತ ಮೊದಲು ಆ ಕುರ್ಚಿಯಲ್ಲಿ ಯಾರೂ ಕೂತಿರುವುದಿಲ್ಲ. ಅಲ್ಲಿ ಮರವಿಲ್ಲವಂತೆ, ಕಿಪ್ರೊಪ್ ಎಂಬ ಡಾಕ್ಟರು ಕಾರು ನಿಲ್ಲಿಸುವ ಜಾಗದಲ್ಲಿ, ನಿನ್ನ ಬಲಗಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತು ಮುಖ ತೋರಿಸಲು ಒಪ್ಪಿದ್ದಾರೆ. ನೀನು ಬರುತ್ತೀಯೆಂದು ಮಾತು ಕೊಟ್ಟಿದ್ದೇನೆ. ಅಲ್ಲಿ ನೀನೂ ಮಾಸ್ಕು ತೆಗೆದು, ಹೆಸರು ಹೇಳಿ, ಸ್ವಲ್ಪ ನಗು. ದಿನವೂ ನಮ್ಮಂಥವರ ಉಸಿರಿನ ಹತ್ತಿರ ಬರಲು ಅವರಿಗೂ ಭಯವಾಗುತ್ತದಂತೆ.