ಅದರಲ್ಲಿ ಹೆಂಗಸರೂ ಬಂದರು

ಶಿಗ್ಗಾಂವ, ಜುಲೈ ೧೯೭೯

ಅಪ್ಪಾ,

ಇದನ್ನು ಯಾವ ಅಂಚೆ ಡಬ್ಬಿಗೂ ಹಾಕುವಂತಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಇವತ್ತು ಎಂಟನೇ ಇಯತ್ತೆಯ ಹುಡುಗಿಯರಿಗೆ ಇಂಗ್ಲಿಷ್ ಕಲಿಸುತ್ತ ಬೋರ್ಡಿನ ಮೇಲೆ ‘ಆಲ್ ಮೆನ್ ಆರ್ ಮಾರ್ಟಲ್’ ಎಂದು ಬರೆದು, ಎಲ್ಲ ಮನುಷ್ಯರೂ ಸಾಯುವವರೇ ಎಂದು ಅರ್ಥ ಹೇಳಿದೆ. ಸಾವಂತ್ರವ್ವ ಎಂಬ ಹುಡುಗಿ ಎದ್ದು ನಿಂತಳು.

“ಅಕ್ಕಾರ, ಮೆನ್ ಅಂದ್ರ ಗಂಡಸರಲ್ಲೇನ್ರಿ? ಹೆಂಗಸರು ಸಾಯೂದಿಲ್ಲೇನ್ರಿ?”

ಹಿರೇಕೆರೂರಿನಲ್ಲಿ ನಿಮ್ಮ ಇಂಗ್ಲಿಷ್ ಕ್ಲಾಸಿನಲ್ಲಿ ಕೂತು ನಾನೂ ಇದನ್ನೇ ಕೇಳಿದ್ದೆ. “ಹುಚ್ಚಿ, ಮೆನ್ ಅಂದ್ರ ಅದರಾಗ ಹೆಂಗಸರೂ ಬಂದ್ರು,” ಎಂದು ನೀವು ನಕ್ಕಿದ್ದಿರಿ. ನಾನು ನಂಬಿದ್ದೆ.

ಹೋದ ವರ್ಷ ಮೂರು ತಿಂಗಳು ನಿಮಗೆ ಚಮಚದಲ್ಲಿ ಗಂಜಿ ಕುಡಿಸಿದವಳು ನಾನು, ನಿಮ್ಮ ಒಬ್ಬಳೇ ಮಗಳು. “ಕೊಳ್ಳಿ ಇಡಲಿಕ್ಕೆ ಸವಣೂರಿನ ರಾಘಣ್ಣನ್ನ ಕರಸ್ರಿ. ಸುಮನ್ ಹೆಣ್ಣು,” ಎಂದಿರಿ, ನಾನು ಪಕ್ಕದಲ್ಲೇ ಇದ್ದಾಗ. ಕಾಯಿಲೆಯಲ್ಲಿ ಒಮ್ಮೆಯೂ ನೋಡಲು ಬಾರದ ಆ ದೂರದ ದಾಯಾದಿ ಬಂದ. ಹನ್ನೆರಡನೆಯ ದಿನ ಪಿಂಡಕ್ಕೆ ಕೂತವನಿಗೆ ನಿಮ್ಮ ಅಪ್ಪ, ಅಜ್ಜ, ಮುತ್ತಜ್ಜನ ಹೆಸರೇ ಗೊತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ಒಂದೊಂದಾಗಿ ನಾನೇ ಹೇಳಿಕೊಟ್ಟೆ.

ಹುಡುಗಿ ಇನ್ನೂ ನಿಂತೇ ಇದ್ದಳು. ನಿಮ್ಮ ಮಾತೇ ಬಾಯಿಗೆ ಬಂತು.

“ಹೆಂಗಸರೂ ಬರ್ತಾರವಾ,” ಎಂದೆ. “ಸಾಯೂದರಾಗಷ್ಟ ಬರ್ತಾರ.”

ಪರೀಕ್ಷೆಗೆ ಬರುತ್ತದೆಂದು ತಿಳಿದು ಇಡೀ ಕ್ಲಾಸು ಅದನ್ನು ಬರೆದುಕೊಂಡಿತು. ಅಳಿಸಿರಿ ಎಂದು ನಾನು ಹೇಳಲಿಲ್ಲ.

ಸುಮನ್