ಅಂಟಿಕೊಂಡಿದ್ದ ಎರಡು ಶಿಮ್

ಮಾರ್ಚ್ 9, ಭಾನುವಾರ

ನನ್ನ ಮುದ್ದಿನ ಬೋಲ್ಟು,

ನಾವಿಬ್ಬರೂ ಚೆನ್ನಾಗಿದ್ದೇವೆ. ನೀನೂ ನಿನ್ನ ಡಿಪೋದ ಬಸ್ಸುಗಳೂ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ತಡವಾದದ್ದಕ್ಕೆ ಕೆಲಸ ಜಾಸ್ತಿ ಎಂದು ಬರೆಯೋಣವೆಂದಿದ್ದೆ. ನಿನ್ನ ಅಮ್ಮ ಪಕ್ಕದಲ್ಲೇ ಕೂತು, "ಸುಳ್ಳು ಬರೀಬೇಡಿ. ಮೂರು ವಾರದಿಂದ ಗ್ಯಾರೇಜಲ್ಲಿ ರೇಡಿಯೋ ಕೇಳ್ಕೊಂಡು ಕೂತಿದ್ದೆ ಅಂತಾನೇ ಬರೀರಿ" ಅನ್ನುತ್ತಿದ್ದಾಳೆ. ಬರೆದಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಫೋನಿನಲ್ಲಿ ನಿನ್ನ ಧ್ವನಿ ಕೇಳಿದರೆ ಊಟ ಆಯ್ತಾ, ಸೆಖೆ ಇದೆಯಾ ಅಂತ ಕೇಳಿ ಇಟ್ಟುಬಿಡುತ್ತೇನೆ.

ನಮ್ಮ ಕಾರನ್ನು ಪೇಂಟ್ ಅಂಗಡಿಯ ನಿನ್ನ ಗೆಳತಿಗೆ ಕೊಟ್ಟುಬಿಡುವುದೆಂದು ಬರೆದಿದ್ದೀಯ. ಬರುವ ತಿಂಗಳ ಬೆಟ್ಟದ ರೇಸಿನಲ್ಲಿ ಅವಳೇ ಓಡಿಸುತ್ತಾಳೆ, ಅವಳಿಗೆ ಯಾವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕುತ್ತೀಯ, ಯಾವ ಗೇರ್ ರೇಷಿಯೋ ಇಡುತ್ತೀಯ ಅಂತ ಕೇಳಿದ್ದೀಯ. ಕೊನೆಗೆ, "ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲಪ್ಪ, ಇನ್ನು ಓಡಿಸಲ್ಲ" ಅಂದಿದ್ದೀಯ. ಈ ಕಾಗದ ಬರೆಯಲು ಕೂತದ್ದೇ ಆ ಸಾಲಿಗಾಗಿ.

ಮೊದಲು ರೇಷಿಯೋ ವಿಷಯ. ಹೋದ ವರ್ಷ ಇದಕ್ಕಾಗಿ ಎಂಥ ಜಗಳ ನಮ್ಮದು! ಏರಿಗೆ ಎಳೆತ ಬೇಕೆಂದು ನೀನು ನಾಲ್ಕು ಪಾಯಿಂಟ್ ಮೂರು ಅಂದೆ, ವೇಗ ಬೇಕೆಂದು ನಾನು ಮೂರು ಪಾಯಿಂಟ್ ಒಂಬತ್ತು ಅಂದೆ. ಪ್ರತಿ ತಿರುವಿಗೂ ಎಷ್ಟು ವೇಗ ಬೇಕೆಂದು ನೀನು ಹಾಳೆ ತುಂಬ ಬರೆದು ತಂದಿದ್ದೆ. ನಾನು ಆ ಹಾಳೆಯ ಮೇಲೆ ಟೀ ಲೋಟ ಇಟ್ಟೆ. ಟೈರ್ ಅಂಗಡಿಯವರ ಎದುರಿಗೇ, "ಕಾರು ಹಾಳೆ ಮೇಲೆ ಓಡಲ್ಲ ಕಣಮ್ಮ" ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೀನು ಲೋಟ ಪಕ್ಕಕ್ಕಿಟ್ಟು, "ಆ ರಸ್ತೇಲಿ ನೇರ ಇರೋದೇ ಒಂದು ಫರ್ಲಾಂಗು. ನಿನ್ನ ಟಾಪ್ ಸ್ಪೀಡ್ ಇಟ್ಕೊಂಡು ನಾನೇನು ಮಾಡ್ಲಿ?" ಅಂದೆ. ಕೊನೆಗೆ ನೀನು ಹೇಳಿದ್ದನ್ನೇ ಹಾಕಿದೆ.

ಈಗಲೂ ಅದೇ ಇರಲಿ. ಹತ್ತು ಹಲ್ಲಿನ ಪುಟ್ಟ ಪಿನಿಯನ್ ಚಕ್ರ, ಅದು ತಿರುಗಿಸುವ ನಲವತ್ಮೂರು ಹಲ್ಲಿನ ದೊಡ್ಡ ಕ್ರೌನ್ ಚಕ್ರ. ತಿರುವು ದಾಟಿ ಏರುವಾಗ ಎಂಜಿನ್ ಏದುಸಿರು ಬಿಡುವುದಿಲ್ಲ. ನಿನ್ನ ಹಾಳೆ ಡ್ರಾಯರಿನಲ್ಲಿ ಭದ್ರವಾಗಿದೆ, ಲೋಟದ ಕಲೆ ಸಮೇತ.

ಇನ್ನು ಹಿಂದಿನ ಎರಡು ಚಕ್ರಗಳಿಗೆ ಎಳೆತ ಹಂಚುವ ಡಿಫರೆನ್ಷಿಯಲ್. ಬರೀ ಹಲ್ಲುಚಕ್ರಗಳಿರುವ ಬಗೆ ಮೆತ್ತಗೆ ಕೆಲಸ ಮಾಡುತ್ತದೆ, ಸವೆಯುವುದೂ ಕಮ್ಮಿ. ಆದರೆ ಆ ಬೆಟ್ಟದ ತಿರುವುಗಳಲ್ಲಿ ಹಿಂದಿನ ಒಳಗಡೆ ಚಕ್ರ ನೆಲ ಬಿಟ್ಟೇಳುತ್ತದೆ. ಅದು ಗಾಳಿಯಲ್ಲಿ ಸುತ್ತತೊಡಗಿದರೆ ಇನ್ನೊಂದು ಚಕ್ರಕ್ಕೂ ಎಳೆತ ಸಿಗುವುದಿಲ್ಲ. ಹಾಗಾಗಿ ಪ್ಲೇಟುಗಳಿರುವ ಬಗೆಯೇ ಸರಿ. ಪ್ಲೇಟುಗಳು ಸಡಿಲವಾದರೆ ಅದು ಇದ್ದೂ ಇಲ್ಲದ ಹಾಗೆ. ವಿಪರೀತ ಬಿಗಿಯಾದರೆ ಹಿಂದಿನ ಎರಡು ಚಕ್ರಗಳೂ ಒಂದೇ ಸಮ ಸುತ್ತುತ್ತವೆ, ಸ್ಟೀರಿಂಗ್ ಎಷ್ಟು ತಿರುಗಿಸಿದರೂ ಕಾರು ನೇರ ನುಗ್ಗುತ್ತದೆ.

ಇಷ್ಟು ಓದುವಾಗ ನಿನಗೆ ಹೋದ ವರ್ಷದ ರೇಸಿನ ಏಳನೆಯ ತಿರುವು ನೆನಪಾಗಿರುತ್ತದೆ. ಸುತ್ತಿ ಬಳಸಿ ಸಾಕಾಯಿತು, ಹೇಳಿಬಿಡುತ್ತೇನೆ.

ರೇಸಿನ ಹಿಂದಿನ ದಿನ ನೀನು ಟಾರ್ಕ್ ರೆಂಚ್ ಹಿಡಿದುಕೊಂಡು ಬಂದು, "ಅಪ್ಪಾ, ಒಂದು ಚಕ್ರ ಎತ್ತಿ ಬಿಗಿ ಎಷ್ಟಿದೆ ಅಂತ ಅಳೆದುಬಿಡೋಣ" ಅಂದೆ. "ಮೂವತ್ತು ವರ್ಷದಿಂದ ನನ್ನ ಬೆರಳೇ ಅಳತೆ" ಅಂತ ರೇಗಿದೆ. ಮಗಳೇ, ಆ ಬೆರಳುಗಳಿಗೆ ಎರಡು ವರ್ಷದಿಂದ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ. ಹೆಬ್ಬೆರಳು, ತೋರುಬೆರಳು ಸದಾ ಜೋಮು ಹಿಡಿದಿರುತ್ತವೆ. ನನ್ನ ಅಂಗಿಯ ಗುಂಡಿ ಹಾಕುವುದು ನಿನ್ನ ಅಮ್ಮ. "ಅವಳಿಗೆ ಹೇಳ್ರೀ" ಅಂತ ಅವಳು ಎಷ್ಟೋ ಸಲ ಅಂದಳು. ಹೇಳಿದರೆ ನೀನು "ಸರಿಯಪ್ಪ ಆ ಕಡೆ, ನಾನು ಮಾಡ್ತೀನಿ" ಅಂತ ಸ್ಪ್ಯಾನರ್ ಕಿತ್ತುಕೊಳ್ಳುತ್ತೀಯ ಅನ್ನುವ ಭಯ ನನಗೆ. ಸ್ವಂತ ಗ್ಯಾರೇಜಿನಲ್ಲಿ ಬಂದವರಿಗೆ ಕುರ್ಚಿ ಹಾಕುವವನಾಗಿ ಉಳಿಯುವುದು ನನಗೆ ಬೇಡವಾಗಿತ್ತು.

ಹೋದ ಭಾನುವಾರ ಆ ಡಿಫರೆನ್ಷಿಯಲ್ ಬಿಚ್ಚಿದೆ. ಪ್ಲೇಟುಗಳನ್ನು ಬಿಗಿ ಮಾಡಲು ಕಾಗದದಷ್ಟು ತೆಳ್ಳಗಿನ ಉಕ್ಕಿನ ಬಳೆ, ಶಿಮ್ ಒಂದು ಹಾಕಿದ್ದೆನಲ್ಲ, ಆ ಜಾಗದಲ್ಲಿ ಎರಡಿದ್ದವು. ಎಣ್ಣೆಗೆ ಅಂಟಿಕೊಂಡು ಒಂದೇ ಆಗಿ ಕೂತು ಪ್ಲೇಟುಗಳನ್ನು ವಿಪರೀತ ಬಿಗಿ ಮಾಡಿದ್ದವು. ಹಳೆಯ ನನ್ನ ಬೆರಳಾಗಿದ್ದರೆ ಮುಟ್ಟಿದ ಕೂಡಲೇ ಗೊತ್ತಾಗುತ್ತಿತ್ತು. ಏಳನೆಯ ತಿರುವಿನಲ್ಲಿ ನೀನು ತಡವಾಗಿ ಬ್ರೇಕ್ ಹಾಕಿದವಳಲ್ಲ. ನೀನು ತಿರುಗಿಸಿದೆ, ಕಾರು ತಿರುಗಲಿಲ್ಲ. ಮಣ್ಣಿನ ದಿಬ್ಬಕ್ಕೆ ಗುದ್ದಿ ನಿನ್ನ ಮಣಿಕಟ್ಟು ಮುರಿದದ್ದು ನನ್ನಿಂದ. "ಹುಡುಗಿ ಹೆದರಿಬಿಟ್ಳು" ಅಂತ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದವನೂ ನಾನೇ.

ನಿನ್ನೆ ಟೈರ್ ಅಂಗಡಿಗೆ ಹೋಗಿ ಅವರಿಗೆ ನಿಜ ಹೇಳಿಬಂದೆ. ನಗುವುದನ್ನೇ ಕಾಯುತ್ತಿರುವ ಮನುಷ್ಯ, ನಗಲಿಲ್ಲ. "ಮಗಳಿಗೆ ಹೇಳಿದ್ರಾ?" ಅಂತ ಕೇಳಿದರು.

ಕಾರನ್ನು ಯಾರಿಗೂ ಕೊಡಬೇಡ. ಆ ಎರಡು ಶಿಮ್‌ಗಳನ್ನು ಈ ಕವರಿನಲ್ಲೇ ಇಟ್ಟಿದ್ದೇನೆ. ಬಾ, ಒಂದನ್ನು ನಿನ್ನ ಕೈಯಾರೆ ಹಾಕು, ಟಾರ್ಕ್ ರೆಂಚಿನಿಂದ ಅಳೆ. ನಾನು ಪಕ್ಕದಲ್ಲಿ ಟಾರ್ಚ್ ಹಿಡಿದು ನಿಲ್ಲುತ್ತೇನೆ. ಕುರ್ಚಿಯನ್ನೂ ಹಾಕುತ್ತೇನೆ.

ನಿನ್ನ ಕೈಗೆ ಬಲ ಬರಲಿ, ನೀನು ಹಿಡಿದ ಕೆಲಸ ಕೈಗೂಡಲಿ, ನನ್ನ ಆಯಸ್ಸಿನ ಪಾಲೂ ನಿನಗಿರಲಿ.

ನಿನ್ನ ಅಪ್ಪ

ಇನ್ನೊಂದು ಮಾತು. ನಿನ್ನ ಅಮ್ಮ ಒಳಗೆ ಹೋಗಲೆಂದು ಕಾಯುತ್ತಿದ್ದೆ. ಹೋದ ಭಾನುವಾರ ಬಿಚ್ಚಿದೆ ಅಂತ ಮೇಲೆ ಬರೆದದ್ದು ಸುಳ್ಳು. ಬಿಚ್ಚಿದ್ದು ಕಾರು ಗುದ್ದಿದ ಮೂರನೆಯ ದಿನವೇ, ಹತ್ತು ತಿಂಗಳ ಹಿಂದೆ. ಅವತ್ತು ಸಂಜೆ ಹೇಳಲೆಂದೇ ಈ ಶಿಮ್‌ಗಳನ್ನು ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಬಂದೆ. ನೀನು ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, "ಅಪ್ಪಾ, ನಿನ್ನ ಕಾರು ಹಾಳು ಮಾಡಿಬಿಟ್ಟೆ" ಅಂತ ಅತ್ತೆ. ನಾನು ನಿನ್ನ ತಲೆ ಸವರಿ, "ಹೋಗ್ಲಿ ಬಿಡು ಮಗಳೇ, ಕ್ಷಮಿಸಿದೀನಿ" ಅಂದೆ.