ಮೊದಲು ನಾನು ಹತ್ತುತ್ತೇನೆ

ಮಾರ್ಚ್ 4, ಸಂಜೆ

ಸೇತುವೆಯಾಚೆಯ ಬೀದಿ ಮುಗಿಯಿತು. ಬಡಗಿಯ ಹೆಂಡತಿ ಕೊನೆಗೂ ಬಾಗಿಲು ತೆಗೆದಳು. ನಾಲ್ಕನೇ ಸಲ ಹೋಗಿದ್ದು. ತೂಕದ ಮಷೀನ್ ನೆಲಕ್ಕಿಟ್ಟೆ, ಎಂದಿನಂತೆ ಮೊದಲು ನಾನೇ ಹತ್ತಿದೆ, ಗಟ್ಟಿಯಾಗಿ ಓದಿದೆ — ತೊಂಬತ್ತಾರು. ಅವಳು ಅಂಕಿ ನೋಡಿದಳು, ನನ್ನ ಮುಖ ನೋಡಿದಳು. "ಹಾಗಾದ್ರೆ ನಂದೇನು ಮಹಾ" ಅಂತ ಚಪ್ಪಲಿ ಬಿಟ್ಟು ಹತ್ತಿದಳು.

ಈ ಜಿಲ್ಲೆಯ ಆರೋಗ್ಯ ಸರ್ವೆ ನನ್ನ ಕೈಗೆ ಬಂದಾಗಿನಿಂದ ಇದೇ ನಿಯಮ. ಮೇಲಿನವರು ಕೊಟ್ಟದ್ದಲ್ಲ, ನನ್ನದು. ತೂಗುವವಳು ಮೊದಲು ಹತ್ತಬೇಕು. ತೆಗೆಯದ ಬಾಗಿಲಿಗೆ ಮತ್ತೆ ಹೋಗಬೇಕು.

"ಅಕ್ಕಾ, ಆ ಮಷೀನು ರಜಾ ಅರ್ಜಿ ಹಾಕಿದೆ" ಅನ್ನುತ್ತಾನೆ ಜೀಪಿನ ಡ್ರೈವರ್. ಹೇಳುವವನ ಹೊಟ್ಟೆಗೂ ಸ್ಟೀರಿಂಗಿಗೂ ನಡುವೆ ಒಂದು ಪೇಪರ್ ತೂರುವುದಿಲ್ಲ.

ತಂಗಿಗೆ ಫೋನ್ ಮಾಡಿದೆ. ವಿಡಿಯೊ ಹಾಕೇ ಅಂದರೆ ಕ್ಯಾಮೆರಾ ಕೆಟ್ಟಿದೆ ಅಂದಳು. ಅದು ಕೆಟ್ಟು ವರ್ಷದ ಮೇಲಾಯಿತು. ಮೊನ್ನೆ ಹೊಸ ಫೋನ್ ತಗೊಂಡಳಲ್ಲ... ಅದರದ್ದೂ ಕೆಟ್ಟಿತೇ? ಈ ಬೇಸಿಗೆಗೂ ಬರುವುದಿಲ್ಲವಂತೆ. ರಾಜಧಾನಿಯೇನು ಸಮುದ್ರದಾಚೆ ಇದೆಯೇ. ರೈಲು ಹತ್ತಿ ಒಂದು ನಿದ್ದೆ ಮಾಡಿದರೆ ಊರು.

ಮೇ 19

ರಾಜ್ಯದ ವರದಿ ಬಂತು. ನಗರ, ಜಿಲ್ಲೆ ಎಲ್ಲಕ್ಕೂ ಬಣ್ಣ ಬಳಿದ ಒಂದು ಭೂಪಟ. ಬೊಜ್ಜಿನವರು ಹೆಚ್ಚಿದ್ದರೆ ಕೆಂಪು, ಕಡಿಮೆಯಿದ್ದರೆ ಹಸಿರು. ನಾವು ರಕ್ತಗೆಂಪು, ರಾಜ್ಯಕ್ಕೇ ಮೊದಲು. ನೂರರಲ್ಲಿ ಮೂವತ್ತೆಂಟು ಜನ. ರಾಜಧಾನಿ ಎಳೆ ಹಸಿರು. ಬರೀ ಹನ್ನೆರಡು.

ಪೇಪರಿನಲ್ಲಿ ಭೂಪಟದ ಪಕ್ಕದಲ್ಲೇ ನನ್ನ ಫೋಟೊ. ಯಾರದೋ ಅಂಗಳದಲ್ಲಿ ಮಷೀನ್ ಮೇಲೆ ನಿಂತಿದ್ದೇನೆ. ಹಿಂದಿನಿಂದ ತೆಗೆದದ್ದು. ಕೆಳಗೆ ಒಂದು ಸಾಲು: 'ಅಳೆಯುವವರೇ ಹೀಗಾದರೆ?' ಮುಂದಿನಿಂದ ತೆಗೆದಿದ್ದರೆ ಒಂದು ನಗುವನ್ನಾದರೂ ಕೊಡುತ್ತಿದ್ದೆ.

ಸಿಟ್ಟು ಬಂತು. ನಾಚಿಕೆಯೂ ಆಯಿತು, ಸುಳ್ಳೇಕೆ ಬರೆಯಲಿ. ಬಸ್ಸಿನಲ್ಲಿ ಎದುರಿಗೆ ಕೂತವರು ಪೇಪರ್ ಮಡಚಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಅವರು ಇಳಿಯುವವರೆಗೂ ನೋಡಿದೆ.

ಮೇ 20

ಸಾಹೇಬರು ಕರೆದರು. ಜಿಲ್ಲೆಯ ಆರೋಗ್ಯಕ್ಕೆಲ್ಲ ಅವರೇ ದೊಡ್ಡವರು, ಆದರೆ ಮೇಲಿನಿಂದ ಫೋನ್ ಬಂದರೆ ಎದ್ದು ನಿಂತೇ ಮಾತಾಡುವವರು.

"ನಮ್ಮ ಜಿಲ್ಲೇಲಿ ಮರುಸರ್ವೆ ಮಾಡ್ತಾರಂತೆ. ರಾಜಧಾನಿಯಿಂದಲೇ ಟೀಮ್ ಬರುತ್ತೆ. ಫಿಟ್ ಆಗಿರೋ ಹುಡುಗರು. ನೋಡೋಕೂ ಒಂಥರಾ..."

"ನಾನು?"

"ನೀವು ಸ್ಟೋರ್ಸ್ ನೋಡ್ಕೊಳ್ಳಿ ಸದ್ಯಕ್ಕೆ."

"ಸದ್ಯಕ್ಕೆ ಅಂದ್ರೆ ಎಲ್ಲೀವರೆಗೆ ಸರ್?"

ಕಿಟಕಿ ನೋಡಿದರು. ಅಲ್ಲಿ ಏನೂ ಇರಲಿಲ್ಲ, ಸೈಕಲ್ ಸ್ಟ್ಯಾಂಡ್.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ನನ್ನ ಅಂಕಿಗಳಲ್ಲಿ ಒಂದು ತಪ್ಪು ತೋರಿಸಿ ಅಂದೆ. ತಪ್ಪಿದೆ ಅಂತ ಯಾರೂ ಹೇಳಿಲ್ಲ ಅಂದರು. ಹಾಗಾದರೆ ತಪ್ಪಿರುವುದು ನನ್ನ ಸೊಂಟದಲ್ಲಿ. ಈ ಕೆಲಸ ಬಿಟ್ಟುಕೊಡುವುದಿಲ್ಲ. ಬರೆದಿಟ್ಟಿದ್ದೇನೆ.

ಮೇ 24, ಮಧ್ಯಾಹ್ನ

ಸ್ಟೋರ್ಸ್. ಕಿಟಕಿಯಿಲ್ಲದ ಕೋಣೆ, ಸ್ಪಿರಿಟ್ ವಾಸನೆ, ಸೂರು ಮುಟ್ಟುವ ಬ್ಯಾಂಡೇಜ್ ಪೆಟ್ಟಿಗೆಗಳು. ಹತ್ತಿ ಉಂಡೆಗಳನ್ನು ಕಾಯುತ್ತ ಕೂತಿದ್ದೇನೆ, ಓಡಿಹೋದಾವು ಅಂತ.

ತಂಗಿಯೇ ಫೋನ್ ಮಾಡಿದಳು. "ಏನಮ್ಮಾ, ಫಸ್ಟ್ ರ‍್ಯಾಂಕಂತೆ."

"ನಿಮ್ಮದು ಲಾಸ್ಟಂತೆ. ಸ್ಕೂಲಿಂದಲೂ ನೀನು ಹಾಗೇ."

ಇಬ್ಬರೂ ನಕ್ಕೆವು. ಸುಮ್ಮನೆ ಕೇಳಿದೆ, ನಿಮ್ಮ ಮನೆಗೂ ಸರ್ವೆಯವರು ಬಂದಿದ್ದರಾ ಅಂತ.

"ಬಂದಿದ್ರು. ನಾನು ಬಾಗಿಲು ತೆಗೀಲಿಲ್ಲ."

"ಯಾಕೆ?"

"ಕಿಂಡೀಲಿ ನೋಡಿದೆ. ಪೆನ್ಸಿಲ್ ಇದ್ದ ಹಾಗಿದ್ಲು ಆ ಹುಡುಗಿ. ಟೀ ಶರ್ಟ್ ಮೇಲೆ 'ಫಿಟ್ ಸಿಟಿ' ಅಂತ ಬೇರೆ. ಅವಳ ಮುಂದೆ ನಾನು ಹೇಗಕ್ಕಾ ನಿಲ್ಲೋದು? ನೀನೇ ನೋಡಿದ್ರೂ ಈಗ ನನ್ನ ಗುರುತು ಹಿಡಿಯಲ್ಲ." ಆಮೇಲೆ ತಾನೇ ಸೇರಿಸಿದಳು, "ಅವಳು ಪಕ್ಕದ ಮನೆ ಬೆಲ್ ಮಾಡಿದ್ಲು. ಅವ್ರು ದಿನಾ ಬೆಳಗ್ಗೆ ಓಡೋ ಜನ. ತಕ್ಷಣ ತೆಗೆದ್ರು."

ರಜೆ ಇಲ್ಲ, ಬೆನ್ನು ನೋವು, ಕ್ಯಾಮೆರಾ ಕೆಟ್ಟಿದೆ — ಎರಡು ವರ್ಷದ ಸಬೂಬುಗಳೆಲ್ಲ ಇದೇ ಒಂದು. ಫೋನ್ ಇಟ್ಟ ಮೇಲೆ ಅಳು ಬಂತು. ಹತ್ತಿಗೇನೂ ಬರವಿರಲಿಲ್ಲ ಇಲ್ಲಿ.

ಮೇ 25

ಆಮೇಲೆ ಹೊಳೆದದ್ದು. ಪಕ್ಕದ ಮನೆ.

ರಾಜಧಾನಿಯ ಸರ್ವೆ ವಿಭಾಗದಲ್ಲಿ ಪರಿಚಯದವರಿದ್ದಾರೆ, ಕೇಳಿದೆ. ಹೌದಂತೆ. ಬಾಗಿಲು ತೆಗೆಯದಿದ್ದರೆ ಕಾಯುವ ಹಾಗಿಲ್ಲ, ಮುಂದಿನ ಮನೆ ತಗೊಂಡು ಲೆಕ್ಕ ತುಂಬಿಸಬೇಕು. ಟೈಮ್ ಉಳಿಯುತ್ತೆ ಅಂದರು, ಹೆಮ್ಮೆಯಿಂದಲೇ.

ಅಂದರೆ ನಾಚಿಕೊಂಡವರೆಲ್ಲ ಬಾಗಿಲ ಹಿಂದೆ ಉಳಿದರು. ತೆಗೆದವರು ಓಡುವ ಜನ. ನಗರ ತೆಳ್ಳಗಿಲ್ಲ, ತೆಳ್ಳಗಿದ್ದವರು ಮಾತ್ರ ಬಾಗಿಲು ತೆಗೆದರು. ಇಲ್ಲಿ ಅಂಥವರು ತೆಗೆಯುವವರೆಗೂ ನಾನು ಮತ್ತೆ ಮತ್ತೆ ಹೋದೆ.

ನಮ್ಮ ಜಿಲ್ಲೆಯವರು ದಪ್ಪ ಇಲ್ಲ ಅಂತಲ್ಲ. ಇದ್ದಾರೆ, ನಾನೇ ತೂಗಿದ್ದೇನೆ, ಸಕ್ಕರೆ ಕಾಯಿಲೆ ಮನೆಮನೆಯಲ್ಲಿ ನೋಡಿದ್ದೇನೆ. ಆದರೆ ಹೋಲಿಸುವುದಾದರೆ ಇಬ್ಬರನ್ನೂ ಒಂದೇ ತಕ್ಕಡಿಗೆ ಹಾಕಬೇಕು. ಇಲ್ಲದಿದ್ದರೆ ಅದು ಭೂಪಟವಲ್ಲ, ಗೋಡೆಗೆ ಹೊಡೆದ ಪೇಂಟು.

ಸಾಹೇಬರಿಗೆ ಹೇಳಿದೆ. "ಯಾಕೆ ಸುಮ್ನೆ ಇಲ್ಲದ ಉಸಾಬರಿ" ಅಂದರು. ರಾಜಧಾನಿಯಲ್ಲಿ ಇಡೀ ಸರ್ವೆಯ ನಿರ್ದೇಶಕಿಯವರ ಸಭೆಯಿದೆ, ನಾನೇ ಹೋಗುತ್ತೇನೆ. ರಜೆ ಹಾಕಿ.

ಜೂನ್ 9, ರಾಜಧಾನಿ, ಲಾಡ್ಜ್

ಹೋದೆ. ಹೇಳಿದೆ.

ಸಭಾಂಗಣದ ಕುರ್ಚಿಗಳಿಗೆ ಎರಡೂ ಕಡೆ ಕೈ. ನನ್ನ ಅಳತೆಗೆ ಮಾಡಿಸಿದ್ದಲ್ಲ. ನಿಂತೇ ಮಾತಾಡಿದೆ. ನಿರ್ದೇಶಕಿ ಮೇಡಂ ಪೂರ್ತಿ ಕೇಳಿಸಿಕೊಂಡರು, ಕನ್ನಡಕ ತೆಗೆದರು.

"ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಯ್ತಲ್ರೀ."

ಎಲ್ಲರೂ ನಕ್ಕರು. ಕಿವಿ ಬಿಸಿಯಾಯಿತು. ಆದರೆ ಬಾಯಿ ನನ್ನದೇ ಇತ್ತು.

"ನೆಲ ಅಳೆದೇ ನೋಡೋಣ ಮೇಡಂ. ಒಂದು ಬಿಲ್ಡಿಂಗ್ ಕೊಡಿ. ನಿಮ್ಮವರಿಗೆ ತೆಗೆಯದ ಬಾಗಿಲುಗಳು ಮಾತ್ರ ಸಾಕು."

"ನಿಮಗೂ ತೆಗೆಯದೆ ಹೋದ್ರೆ?"

"ಸ್ಟೋರ್ಸಲ್ಲೇ ರಿಟೈರ್ ಆಗ್ತೀನಿ. ತೆಗೆದ್ರೆ ನನ್ನ ಕೆಲಸ ನನಗೆ. ಆ ಭೂಪಟ ನಿಮಗೆ ವಾಪಸ್."

ಮೇಡಂ ಕನ್ನಡಕ ಮತ್ತೆ ಹಾಕಿಕೊಂಡರು. ಯಾವ ಬಿಲ್ಡಿಂಗ್ ಅಂದರು. ಹೇಳಿದೆ. ಅಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಬಾಗಿಲು ಲೆಕ್ಕಕ್ಕೆ ಬೇಡ ಅಂತಲೂ ಹೇಳಿದೆ. "ಬಿಡಿ, ಒಂದು ಬಾಗಿಲು ಗ್ಯಾರಂಟಿ" ಅಂದರು ಹಿಂದಿನಿಂದ ಯಾರೋ.

ಗ್ಯಾರಂಟಿ ಇಲ್ಲದ್ದು ಅದೊಂದೇ ಅಂತ ಅವರಿಗೇನು ಗೊತ್ತು.

ಜೂನ್ 10, ಬೆಳಗ್ಗೆ

ನಿಮ್ಮ ಬಿಲ್ಡಿಂಗಿಗೆ ಬರುತ್ತೇನೆ ಅಂತ ರಾತ್ರಿ ತಂಗಿಗೆ ತಿಳಿಸಿದ್ದೆ. ಈಗ ಅವಳ ಮೆಸೇಜ್. 'ಎಲ್ಲರ ಮನೆಗೂ ಹೋಗು. ನನ್ನದು ಬಿಡು. ಕೈ ಮುಗೀತೀನಿ.'

ಉತ್ತರ ಕೊಡಲಿಲ್ಲ. ಡ್ರೈವರ್ ಅಣ್ಣ ತನ್ನ ರಜೆ ಖರ್ಚು ಮಾಡಿಕೊಂಡು ಮಷೀನ್ ಹೊತ್ತು ಬಂದಿದ್ದಾನೆ. ಕೆಳಗೆ ಟೀ ಕುಡಿಯುತ್ತ ಯಾರಿಗೋ ಹೇಳುತ್ತಿದ್ದಾನೆ, "ನಮ್ಮ ಮೇಡಂ ಸ್ಟೇಟ್ ಫಸ್ಟು."

ಮಧ್ಯಾಹ್ನ, ಮೂರನೇ ಮಹಡಿ, ಮೆಟ್ಟಿಲು

ಲಿಫ್ಟ್ ಇದೆ. ಬೇಕೆಂದೇ ಮೆಟ್ಟಿಲು ಹತ್ತಿದೆ. ಏದುಸಿರು ಬಿಡುವವಳನ್ನು ಕಂಡರೆ ಜನ ನೀರಾದರೂ ಕೊಡುತ್ತಾರೆ.

ಬಾಗಿಲ ಕಿಂಡಿ ತುಂಬ ನಿಲ್ಲುತ್ತೇನೆ. ಅದನ್ನು ತುಂಬಲು ನನಗೇನು ಕಷ್ಟ. ಒಳಗಿನವರು ನೋಡುತ್ತಾರೆ, ಹೊರಗೆ ಅವರಂಥವಳೇ ಒಬ್ಬಳು. ಚಿಲಕ ಸರಿಯುತ್ತದೆ. ನಿವೃತ್ತ ಮೇಷ್ಟ್ರು, ಒಬ್ಬ ಬ್ಯಾಂಕಿನವಳು, ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದ ಗಂಡ-ಹೆಂಡತಿ. ಮೇಷ್ಟ್ರು ಹತ್ತಿ, ಅಂಕಿ ನೋಡಿ, "ಡಾಕ್ಟರ ಹತ್ರಾನೂ ಹತ್ತಿರಲಿಲ್ಲ ನಾನು" ಅಂದರು. ಶುಗರ್ ಚೆಕ್ ಎಲ್ಲಿ ಮಾಡಿಸಬೇಕು ಅಂತ ಅವರೇ ಕೇಳಿದರು. ತೆಗೆದವರಲ್ಲಿ ಬಹುಪಾಲು ಬೊಜ್ಜಿನ ಲೆಕ್ಕಕ್ಕೇ ಸೇರುವವರು. ಒಬ್ಬರು ಮಾತ್ರ ತೆಗೆಯಲಿಲ್ಲ. ನಾಳೆ ಮತ್ತೆ.

ಮೇಡಂ ಸಾಕ್ಷಿಗೆ ಕಳಿಸಿದ ಹುಡುಗಿ ಪ್ರತಿ ಬಾಗಿಲಲ್ಲೂ ಜೊತೆಗಿದ್ದಳು. ಪೆನ್ಸಿಲ್ ಹುಡುಗಿಯೇ! ಪಾಪ, ಒಳ್ಳೆಯವಳು. "ನಂಗೆ ಯಾಕೆ ತೆಗೀಲಿಲ್ಲ ಇವ್ರು?" ಅಂದಳು. ನಿನ್ನ ತಪ್ಪಲ್ಲ ಅಂದೆ. ಈಗಷ್ಟೇ ಮೇಡಂಗೆ ಫೋನ್ ಮಾಡಿದಳು. ಭೂಪಟ ತಡೆಹಿಡಿದಿದ್ದಾರಂತೆ. ಸೋಮವಾರದಿಂದ ನಾನು ಸರ್ವೆಗೆ ವಾಪಸ್. ಡ್ರೈವರ್ ಅಣ್ಣ ಮಷೀನಿಗೆ ಮುತ್ತು ಕೊಟ್ಟ.

ಅವರಿಬ್ಬರನ್ನೂ ಕೆಳಗೆ ಕಳಿಸಿದೆ. ಇನ್ನೊಂದು ಬಾಗಿಲಿದೆ.

ಸಂಜೆ, ಐದನೇ ಮಹಡಿ

ತಂಗಿಯ ಬಾಗಿಲ ಮುಂದೆ ನೆಲದ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಲ್ ಮಾಡಿದೆ. ಹೆಜ್ಜೆ ಬಂತು, ನಿಂತಿತು. ಬಾಗಿಲ ಅಡಿಯಲ್ಲಿ ನೆರಳು.

"ಹೋಗಕ್ಕಾ."

"ಹೋಗಲ್ಲ. ಇವತ್ತು ತೆಗೀದಿದ್ರೆ ನಾಳೆ ಬರ್ತೀನಿ. ನನ್ನ ರೂಲ್ ಗೊತ್ತಲ್ಲ."

"ಅಕ್ಕಪಕ್ಕದವರು ನೋಡ್ತಾರೆ."

"ನೋಡ್ಲಿ ಬಿಡೇ. ನನ್ನ ಹಿಂಭಾಗಾನ ಇಡೀ ರಾಜ್ಯ ನೋಡಿದೆ."

ಒಳಗೆ ಮೂಗಿನಲ್ಲೇ ಒಂದು ನಗು, ತಡೆದದ್ದು. ನೆರಳು ಕದಲಲಿಲ್ಲ.

ತೂಕ ಬೇಡ, ಮುಖ ತೋರಿಸು ಸಾಕು ಅಂದೆ. ಎರಡು ವರ್ಷ ಆಯ್ತು ಕಣೇ ಅಂದೆ.

ಎದ್ದೆ. ಮಷೀನ್ ಅವಳ ಹೊಸ್ತಿಲಿಗೆ ತಾಗಿಸಿಟ್ಟು ಹತ್ತಿದೆ. ಇಡೀ ಮಹಡಿಗೆ ಕೇಳುವ ಹಾಗೆ ಓದಿದೆ — ತೊಂಬತ್ತೇಳು.

"ಸುಳ್ಳು. ತೊಂಬತ್ತಾರು ಅಂತಿದ್ದೆ."

"ಸ್ಟೋರ್ಸಲ್ಲಿ ಕೂತು ಒಂದು ಏರಿದೆ. ನಂಬಿಕೆ ಇಲ್ದಿದ್ರೆ ಬಂದು ನೋಡು."

ಮತ್ತೆ ಕೂತೆ. ಕಾಯುತ್ತೇನೆ, ಆತುರವೇನೂ ಇಲ್ಲ. ಪಕ್ಕದ ಮನೆಯ ಓಡುವ ಜನ ಇಣುಕಿದರು. ಕೈ ಬೀಸಿದೆ.

ಚಿಲಕದ ಸದ್ದು. ಬಾಗಿಲು ಒಂದು ಗೇಣು. ಮುಖ ಇನ್ನೂ ಕಾಣುತ್ತಿಲ್ಲ, ಕಾಲು ಕಾಣುತ್ತಿದೆ... ಬರಿಗಾಲು. ಚಪ್ಪಲಿ ಬಿಟ್ಟೇ ಬಂದಿ—